ಪಾಡ್‌ಕಾಸ್ಟ್‌: ಕೊಟ್ಟಿಗೆಯ ಯೆಜ್ಡಿ, ನಾನು ಕಲಿತ ಬೆಸುಗೆ

ಇಯರ್‌ಫೋನ್‌ ಹಾಕ್ಕೊಂಡಿದ್ದರೆ ವಾಲ್ಯೂಮ್‌ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಮೊದಲು ಎರಡು ಸದ್ದು ಕೇಳಿಸ್ತೀನಿ.

[ಚಟ್‌, ಚಟ್‌ ಎಂದು ಬಿಟ್ಟು ಬಿಟ್ಟು ಬರುವ ಸದ್ದು]

ಇದು ಒಂದು.

[ಎಡೆಬಿಡದೆ ಬರುವ ಚುರ್‌ ಸದ್ದು]

ಇದು ಇನ್ನೊಂದು. ಎರಡೂ ವೆಲ್ಡಿಂಗ್‌ ಸದ್ದೇ. ಎರಡೂ ನಾನೇ ಮಾಡಿದ್ದು, ನಮ್ಮ ಮನೆ ಕೊಟ್ಟಿಗೆಯಲ್ಲಿ, ಫೋನಲ್ಲಿ ರೆಕಾರ್ಡ್‌ ಮಾಡ್ಕೊಂಡಿದ್ದು. ನಡುವೆ ಐದು ತಿಂಗಳ ಅಂತರ ಇದೆ. ಮೊದಲನೇ ಸದ್ದಿನ ಬೆಸುಗೆ ನಂಬ್ಕೊಂಡು ನಾನು ಗಾಡಿ ರಸ್ತೆಗೆ ಇಳಿಸೋದರಲ್ಲಿದ್ದೆ. ಇಳಿಸಲಿಲ್ಲ. ಯಾಕೆ ಇಳಿಸಲಿಲ್ಲ ಅನ್ನೋದೇ ಇವತ್ತಿನ ಮಾತು.

ನಾನು ಗುಂಡ್ಲುಪೇಟೆಯವನು. ಪೇಟೆಯಲ್ಲಿ ಒಂದು ಸಣ್ಣ ಮೊಬೈಲ್‌ ರಿಪೇರಿ ಅಂಗಡಿ ಇಟ್ಕೊಂಡಿದ್ದೀನಿ. ಊಟಿಗೋ ವಯನಾಡಿಗೋ ಹೋಗುವಾಗ ನಮ್ಮೂರು ದಾಟಿರ್ತೀರಿ. ಇಲ್ಲೇ ರಸ್ತೆ ಕವಲಾಗೋದು, ಒಂದು ಬಂಡೀಪುರದ ಕಡೆಗೆ, ಇನ್ನೊಂದು ಸುಲ್ತಾನ್‌ ಬತ್ತೇರಿ ಕಡೆಗೆ. ಚೆಂಡು ಹೂವು, ಸೂರ್ಯಕಾಂತಿ ಹೊಲದಲ್ಲಿ ನಿಂತು ಸೆಲ್ಫಿ ತಗೊಂಡಿದ್ದರೆ ಅದೂ ನಮ್ಮ ಕಡೆಯೇ ಇರಬಹುದು. ನಮ್ಮ ಹೊಲ, ಮನೆ ಪೇಟೆಯಿಂದ ನಾಲ್ಕೈದು ಕಿಲೋಮೀಟರ್‌ ಆಚೆ.

ಆ ಮನೆ ಕೊಟ್ಟಿಗೆಯಲ್ಲಿ, ಹುಲ್ಲಿನ ಹಿಂದೆ, ಟಾರ್ಪಾಲ್‌ ಹೊದ್ದುಕೊಂಡು ಒಂದು ಬೈಕ್‌ ನಿಂತಿತ್ತು. ಯೆಜ್ಡಿ ರೋಡ್‌ಕಿಂಗ್‌. ಅಪ್ಪ 1992ರಲ್ಲಿ ಮೈಸೂರಿಂದ ಹೊಸದಾಗಿ ತಂದಿದ್ದು. ನಂಬರ್‌ ಕೆಎ–09ರಿಂದ ಶುರುವಾಗುತ್ತೆ. ನಮ್ಮ ತಾಲ್ಲೂಕು ಆಗ ಮೈಸೂರು ಜಿಲ್ಲೆಯಲ್ಲೇ ಇತ್ತು, ಚಾಮರಾಜನಗರ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಆಮೇಲೆ ನಮ್ಮದು ಕೆಎ–10.

ಈ ಗಾಡಿ ನೋಡದೇ ಇರೋರಿಗೆ ಒಂದೆರಡು ಮಾತು. 250 ಸಿಸಿ, ಟೂ ಸ್ಟ್ರೋಕ್‌, ಒಂದೇ ಸಿಲಿಂಡರ್‌. ಆದರೆ ಸೈಲೆನ್ಸರ್‌ ಎರಡು. ಕಿಕ್ಕರ್‌ ಮತ್ತು ಗೇರ್‌ ಲಿವರ್‌ ಒಂದೇ. ಲಿವರ್‌ ಹಿಂದಕ್ಕೆ ತಿರುಗಿಸಿ ಒದ್ದರೆ ಸ್ಟಾರ್ಟ್‌ ಆಗುತ್ತೆ, ಮುಂದಕ್ಕೆ ಬಂದರೆ ಅದೇ ಗೇರ್‌. ಪೆಟ್ರೋಲ್‌ ಜೊತೆ ಆಯಿಲ್‌ ಬೆರೆಸಿ ಹಾಕಬೇಕು. ಇದನ್ನ ಮಾಡ್ತಿದ್ದಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್‌ ಜಾವಾ ಕಾರ್ಖಾನೆ. 1961ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಸಹಯೋಗದಲ್ಲಿ ಅಲ್ಲಿ ಬೈಕ್‌ ತಯಾರಿ ಶುರುವಾಯಿತು. 1973ರ ಹೊತ್ತಿಗೆ ಹೆಸರು ಯೆಜ್ಡಿ ಅಂತಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಾನು ಹುಟ್ಟಿದ್ದೂ ಅದೇ ವರ್ಷ. ಈಗ ಅದೇ ಹೆಸರುಗಳಲ್ಲಿ ಹೊಸ ಗಾಡಿ ಬಂದಿವೆ, 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ. ಅವು ಫೋರ್‌ ಸ್ಟ್ರೋಕ್‌. ನಾನು ಹೇಳ್ತಿರೋದು ಹಳೇ ಗಾಡಿಯ ಕಥೆ.

ಅಪ್ಪ ಅದರಲ್ಲಿ ತರಕಾರಿ ಸಾಗಿಸ್ತಿದ್ದರು. ತೆರಕಣಾಂಬಿ ಮಾರ್ಕೆಟ್‌ಗೆ. 2005ರಲ್ಲಿ, ಓಣಂಗೆ ಮುಂಚೆ, ಕೇರಳದವರು ಲೋಡುಗಟ್ಟಲೆ ತರಕಾರಿ ತಗೊಳ್ಳೋ ಸಮಯ. ಒಂದು ದಿನ ಬೆಳಗಿನ ಜಾವ, ಬೀನ್ಸ್‌ ಮೂಟೆ ಕಟ್ಟಿಕೊಂಡು ಹೋಗುವಾಗ ಹಿಂದಿನ ಕ್ಯಾರಿಯರ್‌ನ ಎಡಗಡೆ ಬೆಸುಗೆ ಬಿಟ್ಟುಕೊಂಡಿತು. ಮೂಟೆ ಸಮೇತ ಕ್ಯಾರಿಯರ್‌ ವಾಲಿ ಚಕ್ರಕ್ಕೆ ಸಿಕ್ಕಿ, ಚಕ್ರ ಹಿಡ್ಕೊಂಡು, ಅಪ್ಪ ಬಿದ್ದರು. ಬಲಗಾಲು ಮುರೀತು. ಕೂಡಿಕೊಂಡಿತು, ಆದರೆ ನಡಿಗೆ ಮೊದಲಿನ ಹಾಗಾಗಲಿಲ್ಲ. ಗಾಡಿ ಕೊಟ್ಟಿಗೆ ಸೇರಿತು. "ಆಸೆಗೆ ಬಿದ್ದು ಎರಡು ಮೂಟೆ ಹೇರ್ಕೊಂಡ" ಅಂತ ಮನೇಲಿ, ಊರಲ್ಲಿ ಎಲ್ಲರೂ ಮಾತಾಡಿದರು. ಅಪ್ಪ ಯಾರಿಗೂ ಎದುರು ಮಾತಾಡಲಿಲ್ಲ. ಅಪ್ಪಂದೇ ತಪ್ಪು ಅಂತ ನಾನೂ ನಂಬ್ಕೊಂಡೇ ಬೆಳೆದೆ.

ಎರಡು ವರ್ಷದ ಹಿಂದೆ ನಾನು ಆ ಟಾರ್ಪಾಲ್‌ ಎಳೆದೆ. ಅಪ್ಪ ಜಗಲಿ ಮೇಲಿಂದಲೇ ಅಂದರು, "ಯಾನ್ಲಾ ಮಾಡೀಯೆ ಅದ ತಕ್ಕಂಡು? ಗುಜರಿಗ ಹಾಕು." ನಾನು ಹಾಕಲಿಲ್ಲ.

ಗಾಡಿ ಬಿಚ್ಚೋದು ಸುಲಭ. ಯೂಟ್ಯೂಬ್‌ ಇದೆ. ಬಿಚ್ಚಿದ ಪ್ರತಿ ನಟ್ಟು ಬೋಲ್ಟು ಪ್ಲಾಸ್ಟಿಕ್‌ ಕವರ್‌ಗೆ ಹಾಕಿ, ಮೇಲೆ ಎಲ್ಲಿಂದ ತೆಗೆದಿದ್ದು ಅಂತ ಬರೆದು, ಫೋಟೊ ತೆಗೆದು ಇಟ್ಟೆ. ಮೊಬೈಲ್‌ ರಿಪೇರಿಯವನ ಅಭ್ಯಾಸ. ಎಂಜಿನ್‌ ಕೆಲಸಕ್ಕೆ ಮೈಸೂರಲ್ಲಿ ಈಗಲೂ ಯೆಜ್ಡಿ ಗೊತ್ತಿರೋ ಮೆಕ್ಯಾನಿಕ್‌ಗಳಿದ್ದಾರೆ, ಬಿಡಿಭಾಗವೂ ಹುಡುಕಿದರೆ ಸಿಗುತ್ತೆ. ನನಗೆ ತಲೆನೋವಾಗಿದ್ದು ತಗಡು, ಪೈಪು. ಬ್ಯಾಟರಿ ಬಾಕ್ಸ್‌ ತಳ ತುಕ್ಕು ತಿಂದಿತ್ತು. ಸೈಲೆನ್ಸರ್‌ ಹಿಡಿಯೋ ಪಟ್ಟಿ ಸೀಳಿತ್ತು. ಕ್ಯಾರಿಯರ್‌ ಅಂತೂ ಇರಲೇ ಇಲ್ಲ. ಎಲ್ಲದಕ್ಕೂ ವೆಲ್ಡಿಂಗ್‌ ಬೇಕು. ಸಣ್ಣ ಸಣ್ಣ ಕೆಲಸಕ್ಕೆಲ್ಲ ಪೇಟೆಗೆ ಹೊತ್ಕೊಂಡು ಹೋಗೋ ಬದಲು ನಾನೇ ಕಲಿತರೆ ಆಗಲ್ವಾ ಅನ್ನಿಸಿತು.

ನನಗೊಂದು ಅಹಂಕಾರ ಇತ್ತು ಅಂತ ಈಗ ಗೊತ್ತಾಗುತ್ತೆ. ಎಂಟು ವರ್ಷದಿಂದ ಸಾಲ್ಡರಿಂಗ್‌ ಮಾಡ್ತಿದ್ದೀನಿ. ನೀವು ಈಗ ಇದನ್ನ ಕೇಳ್ತಿರೋ ಫೋನಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ನೂರಾರು ಜಾಯಿಂಟ್‌ ಇವೆ, ಅಂಥದ್ದನ್ನ ಮೈಕ್ರೊಸ್ಕೋಪ್‌ ಕೆಳಗೆ ಕೂರಿಸ್ತೀನಿ. ಕಬ್ಬಿಣ ಅಂಟಿಸೋದು ಯಾವ ಲೆಕ್ಕ? ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಬೇರೆ, ಬೆಸುಗೆ.

ಮಾತು ಒಂದೇ ಆದರೂ ಕೆಲಸ ಬೇರೆ. ಸಾಲ್ಡರಿಂಗ್‌ನಲ್ಲಿ ಕರಗೋದು ಸಾಲ್ಡರ್‌ ಮಾತ್ರ, ಸೀಸ ಇಲ್ಲದ್ದಾದರೆ ಸುಮಾರು 217 ಡಿಗ್ರಿಗೆ. ಕೆಳಗಿರೋ ತಾಮ್ರ ಕರಗಲ್ಲ, ಸಾಲ್ಡರ್‌ ಅದರ ಮೇಲೆ ಹರಡಿ ಹಿಡ್ಕೊಳ್ಳುತ್ತೆ. ವೆಲ್ಡಿಂಗ್‌ನಲ್ಲಿ ಕೂಡಿಸಬೇಕಾದ ಎರಡು ತುಂಡುಗಳೇ ಕರಗಬೇಕು. ಉಕ್ಕು ಕರಗೋಕೆ ಹತ್ತಿರ ಹತ್ತಿರ 1,500 ಡಿಗ್ರಿ ಬೇಕು. ಇದರ ಅಂಚು, ಅದರ ಅಂಚು, ನಡುವಿನ ರಾಡ್‌, ಮೂರೂ ಕರಗಿ ಒಂದೇ ಕೊಳ ಆಗಿ, ಆರಿ ಗಟ್ಟಿಯಾದರೆ ಅದು ವೆಲ್ಡಿಂಗ್‌. ರಾಡ್‌ ಮಾತ್ರ ಕರಗಿ ಮೇಲೆ ಕೂತರೆ ಅದು ಅಂಟು, ಅಷ್ಟೇ. ನಾನು ಮಾಡಿದ್ದು ಅಂಟು.

ಮೊದಲಿಂದ ಹೇಳ್ತೀನಿ. ಒಂದು ಇನ್ವರ್ಟರ್‌ ಆರ್ಕ್‌ ಮೆಷಿನ್‌ ತಂದೆ, ಸ್ಕೂಲ್‌ ಬ್ಯಾಗ್‌ನಷ್ಟು ದೊಡ್ಡದು. ಜೊತೆಗೆ ಎರಡೂವರೆ ಎಂಎಂ ರಾಡ್‌, 6013 ಅಂತಾರಲ್ಲ, ಎಲ್ಲಾ ಹಾರ್ಡ್‌ವೇರ್‌ ಅಂಗಡಿಯಲ್ಲೂ ಸಿಗೋದು. ಮೊದಲ ದಿನ ಅಡುಗೆಮನೆ ಸಾಕೆಟ್‌ನಿಂದ ತೆಳ್ಳಗಿನ ಎಕ್ಸ್‌ಟೆನ್ಶನ್‌ ವೈರ್‌ ಎಳೆದೆ. ಹತ್ತೇ ನಿಮಿಷಕ್ಕೆ ವೈರ್‌ ಬಿಸಿಯಾಗಿ ಪ್ಲಾಸ್ಟಿಕ್‌ ವಾಸನೆ. ಅಮ್ಮ ಮೇನ್‌ ಸ್ವಿಚ್‌ ಆಫ್‌ ಮಾಡಿದ್ದೇ ಒಳ್ಳೇದಾಯ್ತು. ಎಲೆಕ್ಟ್ರಿಷಿಯನ್‌ ಕರೆಸಿ, ಮೀಟರ್‌ ಹತ್ತಿರದಿಂದ ಬೇರೆಯೇ ದಪ್ಪ ವೈರ್‌, ಎಂಸಿಬಿ, ಸರಿಯಾದ ಅರ್ಥಿಂಗ್‌ ಇರೋ ದೊಡ್ಡ ಸಾಕೆಟ್‌ ಹಾಕಿಸಿದ ಮೇಲೆಯೇ ಮುಂದಿನ ಕೆಲಸ. ನೀವು ಕಲಿಯೋದಾದರೆ ಇಲ್ಲಿಂದ ಶುರು ಮಾಡಿ.

ಎರಡನೇ ಪಾಠ ಕಣ್ಣಿಂದ್ದು. ಹೆಲ್ಮೆಟ್‌ ಇತ್ತು. ಆದರೆ ಹಾಕ್ಕೊಂಡರೆ ರಾಡ್‌ ತುದಿ ಎಲ್ಲಿದೆ ಅಂತಲೇ ಕಾಣ್ತಿರಲಿಲ್ಲ. ಅದಕ್ಕೆ ಸಣ್ಣ ಸಣ್ಣ ಚುಕ್ಕೆ ಹಾಕುವಾಗ ಹೆಲ್ಮೆಟ್‌ ಎತ್ತಿ, ಕಣ್ಣು ಮುಚ್ಚಿ ಹಾಕಿದೆ. ಆಗ ಏನೂ ಆಗಲಿಲ್ಲ. ಊಟ ಮಾಡಿದೆ, ರೀಲ್ಸ್‌ ನೋಡಿದೆ, ಮಲಗಿದೆ. ರಾತ್ರಿ ಎರಡು ಗಂಟೆಗೆ ಎದ್ದೆ, ಎರಡೂ ಕಣ್ಣಿಗೆ ಹಿಡಿ ಮರಳು ಹಾಕಿ ಉಜ್ಜಿದ ಹಾಗೆ. ಬಿಡಕ್ಕಾಗ್ತಿಲ್ಲ, ಮುಚ್ಚಕ್ಕೂ ಆಗ್ತಿಲ್ಲ. ಬಿಸಿಲಿಗೆ ಚರ್ಮ ಸುಡೋ ಹಾಗೆ ಆರ್ಕ್‌ನ ಅಲ್ಟ್ರಾವೈಲೆಟ್‌ ಬೆಳಕು ಕಣ್ಣಿನ ಮೇಲ್ಪದರ ಸುಡುತ್ತೆ. ಗೊತ್ತಾಗೋದು ಕೆಲವು ಗಂಟೆ ಬಿಟ್ಟು. ಒಬ್ಬರು ಆಲೂಗಡ್ಡೆ ಚೂರು ಇಡು ಅಂದರು, ಇನ್ನೊಬ್ಬರು ಹಾಲು ಬಿಡು ಅಂದರು. ಯಾವುದೂ ಬೇಡ. ಬೆಳಗ್ಗೆ ಡಾಕ್ಟರ್‌ ಹತ್ತಿರ ಹೋದೆ, ಡ್ರಾಪ್ಸ್‌ ಕೊಟ್ಟು ಚೆನ್ನಾಗಿ ಬೈದರು. ಎರಡು ದಿನ ಅಂಗಡಿ ಮುಚ್ಚಿದೆ. ಆಮೇಲೆ ತಾನಾಗೇ ಕಪ್ಪಾಗೋ ಗಾಜಿನ ಹೆಲ್ಮೆಟ್‌ ತಗೊಂಡೆ. ಅದೊಂದು ಬಂದ ಮೇಲೆ ಕಲಿಯೋದು ಅರ್ಧ ಸುಲಭ ಆಯ್ತು. ಚರ್ಮದ ಗ್ಲೌಸ್‌, ತುಂಬು ತೋಳಿನ ಹತ್ತಿ ಶರ್ಟ್‌ ಕೂಡ ಬೇಕು. ಪಾಲಿಯೆಸ್ಟರ್‌ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತೆ. ಇನ್ನೊಂದು, ಕೊಟ್ಟಿಗೆಯಿಂದ ಹುಲ್ಲು ಪೂರ್ತಿ ಆಚೆ ಹಾಕಿ, ದನಗಳನ್ನ ಬೇರೆ ಕಡೆ ಕಟ್ಟಿ, ಪಕ್ಕದಲ್ಲಿ ಮರಳು, ನೀರು ಇಟ್ಕೊಂಡೇ ಕೆಲಸ ಶುರು ಮಾಡಿದ್ದು.

ಒಂದು ತಿಂಗಳಾದ ಮೇಲೆ ಬ್ಯಾಟರಿ ಬಾಕ್ಸ್‌ ಮುಗಿಸಿದೆ. ತೆಳು ತಗಡು. ಕರೆಂಟ್‌ ಸ್ವಲ್ಪ ಜಾಸ್ತಿ ಇಟ್ಟರೂ ತೂತು. ತೂತು ಮುಚ್ಚಕ್ಕೆ ಹೋದರೆ ಇನ್ನೂ ದೊಡ್ಡ ತೂತು. ಆ ಭಯಕ್ಕೆ ನಾನು ಮೆಷಿನ್‌ ತಿರುಪನ್ನ ಐವತ್ತು, ಐವತ್ತೈದು ಆಂಪ್ಸ್‌ಗೆ ಇಳಿಸಿ, ಅಲ್ಲೇ ಬಿಟ್ಟುಬಿಟ್ಟೆ. ಅದೇ ಸೆಟ್ಟಿಂಗ್‌ನಲ್ಲಿ ಹೊಸ ಕ್ಯಾರಿಯರ್‌ ಮಾಡಿದೆ. ತೆಳ್ಳಗಿನ ಪೈಪು, ಅದಕ್ಕೆ ಐದು ಎಂಎಂ ದಪ್ಪದ ಪಟ್ಟಿ, ಪಟ್ಟಿಯ ತೂತಲ್ಲಿ ಬೋಲ್ಟ್‌ ಹಾಕಿ ಫ್ರೇಮ್‌ಗೆ ಬಿಗಿಯೋದು. ಅಪ್ಪನ ಕ್ಯಾರಿಯರ್‌ ಇದ್ದದ್ದೂ ಹಾಗೇ.

ನೋಡೋಕೆ ಚೆನ್ನಾಗಿತ್ತು ಕಣ್ರೀ. ಸ್ಲ್ಯಾಗ್‌ ಕೆದಕಿ, ಗ್ರೈಂಡರ್‌ ಹೊಡೆದು, ಕಪ್ಪು ಪೇಂಟ್‌ ಮಾಡೋಕೆ ಮುಂಚೆ ಫೋಟೊ ತೆಗೆದು ಸ್ಟೇಟಸ್‌ ಹಾಕಿದೆ. ನೂರಾ ಮೂವತ್ತು ಜನ ನೋಡಿದರು, ಬೆಂಕಿ ಇಮೋಜಿ ಬಂತು. ಅಪ್ಪಂಗೂ ತೋರಿಸಿದೆ.

ಅಪ್ಪ ಕೈಗೆ ತಗೊಂಡು ತಿರುಗಿಸಿ ನೋಡಿದರು. "ನೋಡಕ್ಕ ಚೆಂದಾಗೇ ಅದ" ಅಂದರು. ಒಳಗೆ ಹೋಗಿ ದೊಡ್ಡ ಸುತ್ತಿಗೆ ತಂದರು. ಕಲ್ಲಿನ ಮೇಲೆ ಕ್ಯಾರಿಯರ್‌ ಇಟ್ಟು, ಕಾಲಲ್ಲಿ ಒತ್ತಿ ಹಿಡ್ಕೊಂಡು, ಪಟ್ಟಿಗೆ ಒಂದು ಏಟು ಹಾಕಿದರು. ಎರಡನೇ ಏಟಿಗೆ ಪಟ್ಟಿ ಹಾರಿ ಹೋಗಿ ಗೋಡೆಗೆ ಬಡೀತು.

ನನಗೆ ಕೋಪ ಬಂತು. ಒಂದು ವಾರದ ಕೆಲಸ. ಯಾಕಪ್ಪ ಹಿಂಗ್ಮಾಡ್ದೆ ಅಂತ ಕೂಗಾಡಿದೆ. ಅಪ್ಪ ಮಾತಾಡಲಿಲ್ಲ. ಅಟ್ಟ ಹತ್ತಿ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಏನೋ ತಂದರು. ಹಳೇ ಕ್ಯಾರಿಯರ್‌. 2005ರದ್ದು. ಅದನ್ನ ಇಷ್ಟು ವರ್ಷ ಇಟ್ಕೊಂಡಿದ್ದರು ಅಂತಲೇ ನನಗೆ ಗೊತ್ತಿರಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟರು. ನನ್ನ ಪಟ್ಟಿಯ ಮೇಲೆ, ಬೆಸುಗೆ ಎದ್ದು ಹೋದ ಜಾಗದಲ್ಲಿ, ಎಲ್ಲಿ ಪೈಪು ಕೂರಬೇಕು ಅಂತ ನಾನು ಮೊಳೆಯಲ್ಲಿ ಗೀಚಿಕೊಂಡಿದ್ದ ಗೆರೆ ಹಾಗೇ ಕಾಣ್ತಿತ್ತು. ಯೋಚನೆ ಮಾಡಿ. ಉಕ್ಕು ಕರಗಿದ್ದರೆ ಆ ಗೆರೆ ಉಳೀತಿರಲಿಲ್ಲ. ಹಳೇ ಕ್ಯಾರಿಯರ್‌ನಲ್ಲೂ ಅದೇ ಕಥೆ. ಪಟ್ಟಿಯ ಮೈ ನುಣ್ಣಗೆ, ಮಸಿ ಬಣ್ಣಕ್ಕೆ, ಅಂಚು ಒಂದಿಷ್ಟೂ ಕರಗದೆ ಇತ್ತು. ಅದು ಮೂಟೆ ಭಾರಕ್ಕೆ ಮುರಿದಿದ್ದಲ್ಲ. ಅಲ್ಲಿ ಬೆಸುಗೆಯೇ ಕೂಡಿರಲಿಲ್ಲ. ಇವತ್ತಲ್ಲ ನಾಳೆ ಬಿಟ್ಟುಕೊಳ್ಳೋದೇ ಇತ್ತು.

"ನಂದೂವಿ ಇಂಗೇಯ ಬುಟ್ಕಂಡಿದ್ದು ಕನ ಮಗ" ಅಂದರು.

ಹಾಗಾದರೆ ಆ ವೆಲ್ಡಿಂಗ್‌ ಮಾಡಿದೋರ್ದು ತಪ್ಪಲ್ವಾ, ಇಷ್ಟು ವರ್ಷ ಎಲ್ಲರೂ ನಿನ್ನನ್ನೇ ಅಂದರಲ್ಲ, ನೀನ್ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, ಅವನು ಉಜ್ಜಿ ಕ್ಲೀನ್‌ ಮಾಡಿ ಹಾಕ್ತೀನಿ, ಸಾಯಂಕಾಲ ಬಾ ಅಂದಿದ್ದನಂತೆ. "ಸಂತಗ ಹೊತ್ತಾಯ್ತದ, ಈಗ್ಲೇ ಹಾಕು ಅಂತ ನಾನೇ ಅವಸರ ಮಾಡ್ದಿ. ತುಕ್ಕು ಮ್ಯಾಲೇ ಹಾಕ್ದ. ಯಾರ್ನ ಅನ್ನೀಯೆ?"

ಅವತ್ತು ಪೇಂಟ್‌ ಡಬ್ಬಿ ಮುಚ್ಚಳ ಹಾಕಿ ಇಟ್ಟೆ. ಮೂರು ತಿಂಗಳು ಅದನ್ನ ತೆಗೆಯಲಿಲ್ಲ.

ಮೈಸೂರಿನ ಒಬ್ಬ ಹಿರಿಯರು, ಹಳೇ ಜಾವಾ–ಯೆಜ್ಡಿ ಫ್ರೇಮ್‌ ಕೆಲಸ ಮಾಡೋರು. ಹೆಸರು ಹೇಳಬೇಡ ಅಂದಿದ್ದಾರೆ. ಅವರ ಹತ್ತಿರ ಆರು ಭಾನುವಾರ ಹೋಗಿ ಕೂತೆ. ಮೊದಲ ಭಾನುವಾರ ಅವರು ನನ್ನ ಕೈಗೆ ರಾಡ್‌ ಕೊಡಲಿಲ್ಲ, ವೈರ್‌ ಬ್ರಷ್‌ ಕೊಟ್ಟರು. ತುಕ್ಕು, ಪೇಂಟು, ಎಣ್ಣೆ ಹೋಗಿ ಬಿಳಿ ಉಕ್ಕು ಕಾಣೋವರೆಗೂ ಉಜ್ಜಬೇಕು. ಸಾಲ್ಡರಿಂಗ್‌ನಲ್ಲಿ ನಾನು ಫ್ಲಕ್ಸ್‌ ಹಚ್ಚೋ ಹಾಗೆ ಇಲ್ಲಿ ರಾಡ್‌ ಮೇಲಿನ ಲೇಪನವೇ ಉರಿದು ಹೊಗೆಯಾಗಿ ಗಾಳಿಯನ್ನ ದೂರ ಇಡುತ್ತೆ, ಆಮೇಲೆ ಸ್ಲ್ಯಾಗ್‌ ಆಗಿ ಮೇಲೆ ಕೂರುತ್ತೆ. ಆದರೆ ದಪ್ಪ ತುಕ್ಕು, ಪೇಂಟನ್ನ ಅದು ಗೆಲ್ಲೋಕಾಗಲ್ಲ.

ಅವರು ಹೇಳಿಕೊಟ್ಟಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಕರೆಂಟ್‌ ಎಷ್ಟು ಅಂತ ಭಯ ನಿರ್ಧಾರ ಮಾಡಬಾರದು. ಎರಡೂವರೆ ಎಂಎಂ ರಾಡ್‌ಗೆ ಸಾಮಾನ್ಯವಾಗಿ ಅರವತ್ತರಿಂದ ತೊಂಬತ್ತು ಆಂಪ್ಸ್‌, ಡಬ್ಬಿ ಮೇಲೇ ಬರೆದಿರ್ತಾರೆ. ದಪ್ಪ ಪಟ್ಟಿ, ತೆಳು ಪೈಪು ಸೇರಿಸುವಾಗ ರಾಡ್‌ ತುದಿ ದಪ್ಪದ ಕಡೆ ಇರಬೇಕು. ಅದು ಕರಗಿ ಕೊಳ ಆದ ಮೇಲೆ ಅದನ್ನ ತೆಳುವಿನ ಕಡೆಗೆ ತಾಗಿಸಿ ವಾಪಸ್‌ ತರಬೇಕು. ನಾನು ಮಾಡಿದ್ದು ಉಲ್ಟಾ. ಪೈಪು ತೂತಾಗುತ್ತೆ ಅಂತ ಹೆದರಿ ಪೈಪನ್ನೇ ನೋಡ್ಕೊಂಡು ಪಟ್ಟಿಯನ್ನ ಮರೆತಿದ್ದೆ. ರಾಡ್‌ ತುದಿಗೂ ಲೋಹಕ್ಕೂ ಅಂತರ ರಾಡಿನ ದಪ್ಪದಷ್ಟೇ. ದೂರ ಹೋದರೆ ಆರ್ಕ್‌ ಅಲೆದಾಡುತ್ತೆ, ಕಿಡಿ ಜಾಸ್ತಿ, ಒಳಗೆ ಇಳಿಯಲ್ಲ. ರಾಡ್‌ ಸ್ವಲ್ಪ ಓರೆ ಹಿಡಿದು ಎಳೀಬೇಕು, ದೂಡಿದರೆ ಸ್ಲ್ಯಾಗ್‌ ಒಳಗೆ ಸಿಕ್ಕಿಕೊಳ್ಳುತ್ತೆ. ಮಳೆಗಾಲದಲ್ಲಿ ರಾಡ್‌ ತೇವ ಎಳ್ಕೊಳ್ಳುತ್ತೆ, ಒಣಗಿಸಿ ಇಟ್ಕೋಬೇಕು.

ಆಮೇಲೆ ಸದ್ದು. ಶುರುವಲ್ಲಿ ಕೇಳಿಸಿದ್ನಲ್ಲ, ಎರಡನೇದು. ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಬೇಯೋ ಹಾಗೆ ಒಂದೇ ಸಮ ಚುರ್‌ ಅಂತಿರಬೇಕು. ಹೆಲ್ಮೆಟ್‌ ಒಳಗೆ ಕಣ್ಣಿಗೆ ಕಾಣೋದು ಕಡಿಮೆ, ಕಿವಿ ಜಾಸ್ತಿ ಹೇಳುತ್ತೆ. ನಮ್ಮೂರಲ್ಲಿ ಪಂಪ್‌ಸೆಟ್‌ಗಳು ಓಡೋ ಹೊತ್ತಲ್ಲಿ ವೋಲ್ಟೇಜ್‌ ಬಿದ್ದು ಸದ್ದು ತುಂಡು ತುಂಡಾಗುತ್ತೆ. ಆಗ ನಾನು ಮೆಷಿನ್‌ ಆಫ್‌ ಮಾಡಿ ಟೀ ಕುಡೀತೀನಿ.

ಎಲ್ಲಕ್ಕಿಂತ ಮುಖ್ಯವಾಗಿ ಅವರು ಕಲಿಸಿದ್ದು ಮುರಿಯೋದನ್ನ. ಎರಡು ತುಂಡು ಪಟ್ಟಿಯನ್ನ ಟಿ ಆಕಾರಕ್ಕೆ ನಿಲ್ಲಿಸಿ ಒಂದೇ ಕಡೆ ವೆಲ್ಡ್‌ ಮಾಡೋದು. ಆರಿದ ಮೇಲೆ ವೈಸ್‌ಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಬೆಸುಗೆಯ ಕಡೆಗೇ ಬಗ್ಗಿಸೋದು. ಮುರಿದರೆ ಒಳಗೆ ನೋಡೋದು. ಸಣ್ಣ ತೂತುಗಳಿದ್ದರೆ ತೇವ ಅಥವಾ ಕೊಳೆ. ಕಪ್ಪು ಗಾಜಿನಂಥದ್ದು ಇದ್ದರೆ ಸ್ಲ್ಯಾಗ್‌ ಸಿಕ್ಕಿದೆ. ಮೂಲೆಯಲ್ಲಿ ಉಕ್ಕಿನ ಅಂಚು ಚೂಪಾಗಿ ಹಾಗೇ ಉಳಿದಿದ್ದರೆ ಕರಗಿಲ್ಲ. ವೆಲ್ಡರ್‌ಗಳನ್ನ ಪರೀಕ್ಷೆ ಮಾಡೋದೂ ಇಂಥ ಮುರಿಯೋ ಪರೀಕ್ಷೆಗಳಿಂದಲೇ. ಅಪ್ಪ ಶಾಲೆಗೆ ಹೋದೋರಲ್ಲ, ಕಲ್ಲಿನ ಮೇಲೆ ಇಟ್ಟು ಅದನ್ನೇ ಮಾಡಿದ್ದರು.

ನಾನು ಮುರಿದ ತುಂಡುಗಳ ಲೆಕ್ಕ ಇಟ್ಟಿದ್ದೆ. ಮೊದಲ ಇಪ್ಪತ್ತೆರಡರಲ್ಲಿ ಒಂದೂ ಪಾಸಾಗಲಿಲ್ಲ. ಇಪ್ಪತ್ತಮೂರನೇದು ಬಗ್ಗಿತು, ಬಿಡಲಿಲ್ಲ. ಅವತ್ತು ಸ್ಟೇಟಸ್‌ ಹಾಕಲಿಲ್ಲ. ಒಂದು ಸಲ ಆಗೋದು ಅದೃಷ್ಟ ಇರಬಹುದು, ಸತತ ಹತ್ತು ಆಗಲಿ ಅಂದಿದ್ದರು ಹಿರಿಯರು. ಹತ್ತು ಆಗೋಕೆ ಇನ್ನೂ ಐದು ವಾರ ಹಿಡೀತು.

ಇಷ್ಟು ಕಲಿತ ಮೇಲೆ ಒಂದು ಪ್ರಶ್ನೆ ಬಂತು. ಗಾಡಿಯ ಮೇನ್‌ ಫ್ರೇಮ್‌ನಲ್ಲಿ, ಹಿಂದಿನ ಚಕ್ರದ ಫೋರ್ಕ್‌ ಕೂರೋ ಜಾಗದ ಹತ್ತಿರ, ಕೂದಲೆಳೆಯಷ್ಟು ಒಂದು ಬಿರುಕು ಇತ್ತು. ಬಹುಶಃ ಅವತ್ತು ಬಿದ್ದಾಗಿನದ್ದೇ. ಈಗ ನನಗೆ ವೆಲ್ಡಿಂಗ್‌ ಬರುತ್ತಲ್ಲ, ನಾನೇ ಮಾಡ್ಲಾ? ಕೈ ತುರಿಸ್ತಿತ್ತು, ನಿಜ ಹೇಳ್ತೀನಿ. ಮಾಡಲಿಲ್ಲ. ಕ್ಯಾರಿಯರ್‌ ಬಿಟ್ಟುಕೊಂಡರೆ ಏನಾಗುತ್ತೆ ಅಂತ ನಮ್ಮನೆಯಲ್ಲಿ ಗೊತ್ತು. ಫ್ರೇಮ್‌ ಬಿಟ್ಟುಕೊಂಡರೆ ಕಾಲು ಮುರಿದು ಉಳಿಯೋ ಗ್ಯಾರಂಟಿಯೂ ಇಲ್ಲ. ಅಲ್ಲಿ ಬಿರುಕಿನ ತುದಿಗಳಲ್ಲಿ ಸಣ್ಣ ತೂತು ಕೊರೆದು, ಅದು ಮುಂದೆ ಹರಿಯದ ಹಾಗೆ ಮಾಡಿ, ಬಿರುಕನ್ನ ಪೂರ್ತಿ ಕೆತ್ತಿ ತೆಗೆದು ತುಂಬಬೇಕು. ಫ್ರೇಮ್‌ ಸೊಟ್ಟಗಾಗದ ಹಾಗೆ ಹಿಡಿಕೆಯಲ್ಲಿ ಬಿಗಿಯಬೇಕು. ಅದನ್ನ ಆ ಹಿರಿಯರೇ ಮಾಡಿದರು, ನಾನು ಪಕ್ಕದಲ್ಲಿ ನಿಂತು ನೋಡಿದೆ.

ಪೆಟ್ರೋಲ್‌ ಟ್ಯಾಂಕೂ ಅಷ್ಟೇ. ತಳದಲ್ಲಿ ಸೂಜಿಮೊನೆಯಷ್ಟು ತೂತು. ಖಾಲಿ ಟ್ಯಾಂಕ್‌ ತಾನೇ, ಒಂದು ಚುಕ್ಕೆ ಹಾಕಿದರೆ ಮುಗೀತು ಅಂತ ಅಂದ್ಕೊಳ್ಳೋರು ತುಂಬಾ ಜನ ಇದ್ದಾರೆ. ದಯವಿಟ್ಟು ಕೇಳಿ, ಖಾಲಿ ಟ್ಯಾಂಕೇ ಹೆಚ್ಚು ಅಪಾಯ. ಒಳಗೆ ಪೆಟ್ರೋಲ್‌ ಆವಿ, ಗಾಳಿ ಬೆರೆತು ನಿಂತಿರುತ್ತೆ, ಒಂದು ಕಿಡಿ ಸಾಕು. ವರ್ಷಗಟ್ಟಲೆ ಒಣಗಿದ್ದರೂ ತುಕ್ಕಿನ ಸಂದಿಯಲ್ಲಿ ಉಳಿದಿರುತ್ತೆ. ನಾನು ಆ ಟ್ಯಾಂಕ್‌ ಮುಟ್ಟಲಿಲ್ಲ, ಮೈಸೂರಲ್ಲಿ ಸೆಕೆಂಡ್‌ ಹ್ಯಾಂಡ್‌ ಒಂದು ಹುಡುಕಿ ಹಾಕಿದೆ. ಹಾಗೇ ಬೆಳ್ಳಗೆ ಹೊಳೆಯೋ ಜಿಐ ಪೈಪ್‌ ಕೂಡ ಹುಷಾರು. ಅದರ ಮೇಲಿನ ಸತು ಉರಿದು ಬರೋ ಹೊಗೆ ಕುಡಿದರೆ ಸಂಜೆಗೆ ಚಳಿ ಜ್ವರ ಬರುತ್ತೆ. ಯಾವ ಪೈಪೇ ಆಗಲಿ, ಗಾಳಿಯಾಡೋ ಕಡೆಯೇ ವೆಲ್ಡಿಂಗ್‌ ಮಾಡಿ.

ಸರಿಯಾಗಿ ಕಲಿಯೋಕೆ ಇಷ್ಟ ಇರೋರು, ಐಟಿಐನಲ್ಲಿ ವೆಲ್ಡರ್‌ ಟ್ರೇಡ್‌ ಇದೆ, ಒಂದು ವರ್ಷದ ಕೋರ್ಸು. ನನ್ನ ಥರ ಹವ್ಯಾಸಕ್ಕೆ ಕಲಿಯೋರೂ ಯಾರಾದರೂ ಗೊತ್ತಿರೋರ ಪಕ್ಕದಲ್ಲಿ ನಾಲ್ಕು ದಿನ ನಿಲ್ಲಿ. ವಿಡಿಯೊ ನೋಡಿ ಎಷ್ಟೋ ಕಲಿಯಬಹುದು. ಆದರೆ ವಿಡಿಯೊ ನಿಮ್ಮ ಬೆಸುಗೆಯನ್ನ ಸುತ್ತಿಗೆಯಲ್ಲಿ ಹೊಡೆದು ತೋರಿಸಲ್ಲ.

ಕ್ಯಾರಿಯರ್‌ ಎರಡನೇ ಸಲ ಮಾಡಿದೆ. ಮುಗಿದ ದಿನ ನಾನೇ ಸುತ್ತಿಗೆ ತಂದು ಅಪ್ಪನ ಕೈಗೆ ಕೊಟ್ಟೆ. ಹೊಡೆದರು. ಹಿಂದಿನ ಸಲಕ್ಕಿಂತ ಜೋರಾಗಿಯೇ ಹೊಡೆದರು. ಪಟ್ಟಿ ಬಗ್ಗಿತು, ಬಿಡಲಿಲ್ಲ. ಆ ಪಟ್ಟಿ ನೆಟ್ಟಗೆ ಮಾಡಿ ಉಪಯೋಗಿಸಲಿಲ್ಲ, ಬಗ್ಗಿದ್ದನ್ನ ತೆಗೆದುಹಾಕಿ ಹೊಸದು ಹಾಕಿ, ಅದೇ ಕರೆಂಟಲ್ಲಿ, ಅದೇ ಥರ ಮಾಡಿದೆ. ಗಾಡಿಗೆ ಬಿಗಿದ ಮೇಲೆ ಅಪ್ಪ ಕೈಯೂರಿ ಕ್ಯಾರಿಯರ್‌ ಮೇಲೆ ಹತ್ತಿ ಕೂತರು, ಕುಂಟು ಕಾಲು ಇಳಿಬಿಟ್ಟುಕೊಂಡು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದರು. ಹಳೇ ಕ್ಯಾರಿಯರ್‌ ಕಥೆ ನಾನು ಅಮ್ಮಂಗೆ ಆಗಲೇ ಹೇಳಿದ್ದೆ. ಅಮ್ಮ ಏನೂ ಅನ್ನಲಿಲ್ಲ. ಇಬ್ಬರಿಗೂ ಕಾಫಿ ತಂದರು. ಮೊದಲು ಅಪ್ಪಂಗೆ ಕೊಟ್ಟರು.

ಗಾಡಿ ಈಗ ಸ್ಟಾರ್ಟ್‌ ಆಗುತ್ತೆ. ಹೊಲದ ದಾರಿಯಲ್ಲಿ ಓಡಿಸ್ತೀನಿ. ಡಾಂಬರು ರಸ್ತೆಗೆ ಇನ್ನೂ ಇಳಿಸಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಆರ್‌ಸಿ ನವೀಕರಣ ಮಾಡಿಸಬೇಕು, ಆಮೇಲೂ ಐದೈದು ವರ್ಷಕ್ಕೊಮ್ಮೆ. ನಮ್ಮದು 2007ಕ್ಕೇ ಮುಗಿದಿದೆ. ಗಾಡಿ ತಗೊಂಡು ಹೋಗಿ ತೋರಿಸಬೇಕು, ಬಾಕಿ ಕಟ್ಟಬೇಕು, ಇನ್ಶೂರೆನ್ಸ್‌, ಹೊಗೆ ಪರೀಕ್ಷೆ. ಪೇಪರ್‌ ಬರಲಿ. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಅಂತ ಹಳೇ ಗಾಡಿಯೋರೆಲ್ಲ ಸೇರ್ತಾರೆ. ಅಷ್ಟರಲ್ಲಿ ಆದರೆ ಅಪ್ಪನನ್ನ ಹಿಂದೆ ಕೂರಿಸ್ಕೊಂಡು ಮೈಸೂರಿಗೆ ಹೋಗ್ತೀನಿ. ಆಗದಿದ್ದರೆ ಮುಂದಿನ ವರ್ಷ. ಅವಸರ ಇಲ್ಲ.

ನನ್ನ ಮೊದಲನೇ ಕ್ಯಾರಿಯರ್‌ನಿಂದ ಹಾರಿಹೋದ ಪಟ್ಟಿ, ಗೀಚಿದ ಗೆರೆ ಇರೋದು, ಈಗ ನನ್ನ ಅಂಗಡಿ ಟೇಬಲ್‌ ಮೇಲಿದೆ. ಪೇಪರ್‌ ವೇಟ್‌ ಥರ. ಗಿರಾಕಿಗಳು ಬಂದು "ಅಣ್ಣ, ಬಸ್ಸಿಗೆ ಟೈಮ್‌ ಆಯ್ತು, ಐದೇ ನಿಮಿಷದಲ್ಲಿ ಚಾರ್ಜಿಂಗ್‌ ಪಿನ್‌ ಹಾಕ್ಕೊಡಿ" ಅಂದಾಗ ಅದನ್ನ ಒಂದು ಸಲ ನೋಡ್ತೀನಿ. ಆಮೇಲೆ ಹೇಳ್ತೀನಿ, "ಇಲ್ಲ, ಸಾಯಂಕಾಲ ಬನ್ನಿ."

ಕೆಲವರು ಬೈಕೊಂಡು ಬೇರೆ ಅಂಗಡಿಗೆ ಹೋಗ್ತಾರೆ. ಹೋಗಲಿ.

ನಿಮ್ಮನೆ ಕೊಟ್ಟಿಗೆಯಲ್ಲೂ ಟಾರ್ಪಾಲ್‌ ಕೆಳಗೆ ಏನಾದರೂ ಇದ್ದರೆ ಎಳೆದು ನೋಡಿ. ಹೆಲ್ಮೆಟ್‌ ಮರೀಬೇಡಿ, ಗಾಡಿದೂ, ವೆಲ್ಡಿಂಗ್‌ದೂ. ಮತ್ತೆ ಸಿಗೋಣ.

[ಕಿಕ್‌ ಹೊಡೆದ ಸದ್ದು. ಮೂರನೇ ಕಿಕ್‌ಗೆ ಎಂಜಿನ್‌ ಶುರುವಾಗುತ್ತದೆ]